ಶಿವಮೊಗ್ಗದಲ್ಲಿ ಬಾಡಿಗೆ ಮನೆ: ದುರ್ಗಿಗುಡಿಯೋ, ನವುಲೆಯೋ?

ದುರ್ಗಿಗುಡಿಯಲ್ಲಿ ಮನೆ ಸಿಕ್ಕರೆ ಗಾಡಿಯ ಹಂಗಿಲ್ಲ. ಗೋಪಿ ಸರ್ಕಲ್, ನೆಹರೂ ರಸ್ತೆ, ಕ್ಲಿನಿಕ್ ಎಲ್ಲಾ ನಡೆದೇ ಹೋಗಬಹುದು. ಆದರೆ ಕಾರಿದ್ದರೆ ನಿಲ್ಲಿಸೋಕೆ ಜಾಗ ಹುಡುಕಿ ಸಾಕಾಗುತ್ತದೆ.

ನವುಲೆ ಸವಳಂಗ ರಸ್ತೆಯಲ್ಲಿದೆ. ಜೆಎನ್‌ಎನ್‌ ಇಂಜಿನಿಯರಿಂಗ್ ಕಾಲೇಜು ಅಲ್ಲೇ ಇರುವುದರಿಂದ ರೂಮು ಕೇಳುವ ಹುಡುಗರು ಜಾಸ್ತಿ. ಕಾಲೇಜು ಶುರುವಾಗುವ ಹೊತ್ತಿಗೆ ಮನೆ ಹುಡುಕಿದರೆ ಚೌಕಾಸಿ ನಡೆಯೋದು ಕಷ್ಟ. ಪೇಟೆಗೆ ಗಾಡಿ ಬೇಕೇ ಬೇಕು.

ಎಲ್ಲೇ ಆಗಲಿ, ಮಲೆನಾಡಿನಲ್ಲಿ ಮನೆ ನೋಡಬೇಕಾದ್ದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಸುಣ್ಣ ಬಳಿದ ಗೋಡೆ ಎಲ್ಲಾ ಚೆಂದವೇ, ಅಲ್ವಾ? ಬೀರುವಿನ ಹಿಂದೆ ಕೈಯಿಟ್ಟು ನೋಡಿ. ಗೋಡೆ ತಣ್ಣಗೆ ಅಂಟಿದರೆ ಆಷಾಢದಲ್ಲಿ ಬಟ್ಟೆಗೆಲ್ಲ ಬೂಷ್ಟು ಖಂಡಿತ. ತುಂಗಾ ದಂಡೆಯ ತಗ್ಗಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂದರೆ 2019ರ ಆಗಸ್ಟ್‌ನಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಪಕ್ಕದ ಮನೆಯವರನ್ನು ಕೇಳಿ, ಓನರ್‌ನನ್ನಲ್ಲ.

ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದೆ, ಅದಕ್ಕೇ. ತಿಂಗಳ ಬಾಡಿಗೆಯ ಬದಲು ಒಟ್ಟಿಗೆ ದುಡ್ಡು ಕೊಟ್ಟು ಭೋಗ್ಯಕ್ಕೆ ಹಾಕಿಕೊಳ್ಳುವುದಾದರೆ ಮಾತ್ರ ಬಾಯಿಮಾತು ಸಾಲದು. ದೊಡ್ಡ ಮೊತ್ತ, ಮನೆಯ ಮೇಲೆ ಸಾಲವಿದೆಯಾ ಅಂತ ಮೊದಲು ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ.

ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ನಾನು ದುರ್ಗಿಗುಡಿಯನ್ನೇ ಹೇಳುವೆ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ.