ಬೀಜದ ಚೀಲದಲ್ಲಿ ಬಂದ ಕಾಡು ಭತ್ತ: ಶಹಾಪುರದ ಒಂದು ಅಂಗಡಿಯ ಅನುಭವ

ನಾರಾಯಣಪುರ ಎಡದಂಡೆ ಕಾಲುವೆಯ ನೀರುಣ್ಣುವ ಶಹಾಪುರ ತಾಲ್ಲೂಕಿನ ನಮ್ಮ ಮೂರು ಎಕರೆಯಲ್ಲಿ ಹತ್ತಿ, ತೊಗರಿ ಬಿಟ್ಟರೆ ಬೇರೇನೂ ಬೆಳೆದಿರಲಿಲ್ಲ. ಕಳೆದ ಮುಂಗಾರಿನಲ್ಲಿ ಮೊದಲ ಸಲ ಭತ್ತ ಹಾಕಲು ನಿರ್ಧರಿಸಿ, ಪಟ್ಟಣದ ಬೀಜದಂಗಡಿಯೊಂದರಿಂದ 25 ಕೆ.ಜಿ. ತೂಕದ ಮೂರು ಚೀಲ ಬಿಪಿಟಿ 5204 ತಳಿಯ ಭತ್ತದ ಬೀಜ ತಂದು, ಕೂರಿಗೆಯಲ್ಲಿ ನೇರವಾಗಿ ಬಿತ್ತಿದೆ. ಕೇಳದೆಯೇ ರಸೀದಿ ಕೊಟ್ಟು, ಅದರಲ್ಲಿ ಲಾಟ್ ಸಂಖ್ಯೆಯನ್ನೂ ಬರೆದದ್ದು ಆ ಅಂಗಡಿಯ ಒಳ್ಳೆಯ ರೂಢಿ. ಮೊಳಕೆಯೂ ಚೆನ್ನಾಗಿಯೇ ಬಂತು.

ತೊಂದರೆ ಕಂಡದ್ದು ತೆನೆ ಒಡೆಯುವ ಹೊತ್ತಿಗೆ. ಪೈರಿಗಿಂತ ಗೇಣುದ್ದ ಎತ್ತರದ, ಕಾಳಿಗೆ ಉದ್ದ ಮೀಸೆಯಿರುವ ಗಿಡಗಳು ಹೊಲದ ತುಂಬ ತಲೆಯೆತ್ತಿದವು. ನಮ್ಮ ಬೆಳೆ ಇನ್ನೂ ಹಾಲುಗಾಳಿನಲ್ಲಿದ್ದಾಗಲೇ ಅವುಗಳ ಕಾಳು ಬಲಿತು, ಕೈ ತಾಗಿದರೆ ಸಾಕು, ಉದುರುತ್ತಿತ್ತು. ಅದು ಕಾಡು ಭತ್ತ. ಎಳೆಯ ಪೈರಿನಲ್ಲಿ ಅದನ್ನು ಗುರುತಿಸುವುದು ಕಷ್ಟ. ಅದೂ ಭತ್ತದ ಜಾತಿಯೇ ಆದ್ದರಿಂದ, ಅದೇ ಅಂಗಡಿಯಿಂದ ತಂದು ಹೊಡೆದ ಬಿಸ್ಪೈರಿಬ್ಯಾಕ್ ಸೋಡಿಯಂ ಎಂಬ ಕಳೆನಾಶಕ ಉಳಿದ ಹುಲ್ಲನ್ನು ಒಣಗಿಸಿತೇ ಹೊರತು ಇದನ್ನು ಮುಟ್ಟಲಿಲ್ಲ.

ರಸೀದಿ ಹಿಡಿದು ಹೋದಾಗ ಮಾಲೀಕರು ‘ಕಳೆ ಹೊಲದ್ದು, ಬೀಜದ್ದಲ್ಲ’ ಎಂದು ಹೇಳಿ ಕಳುಹಿಸಿದರು. ಭತ್ತವನ್ನೇ ಕಾಣದಿದ್ದ ಹೊಲಕ್ಕೆ ಆ ಮಾತು ಸಲ್ಲದು. ಚೀಲದಲ್ಲಿ ಉಳಿದಿದ್ದ ಒಂದು ಕೆ.ಜಿ. ಬೀಜವನ್ನು ಒರಳಲ್ಲಿ ಕುಟ್ಟಿ, ಹೊಟ್ಟು ಕೇರಿ ನೋಡಿದರೆ ಕಾಡು ಭತ್ತದ ಗುರುತಾದ ಕೆಂಪು ಕಾಳು 31 ಸಿಕ್ಕವು. ಪ್ರಮಾಣಿತ ಬೀಜದಲ್ಲಿ, ಅಂದರೆ ಪ್ರಮಾಣೀಕರಣ ಸಂಸ್ಥೆ ಪರೀಕ್ಷಿಸಿ ಒಪ್ಪಿದ ಬೀಜದಲ್ಲಿ, ಕಾಡು ಭತ್ತ ಕೆ.ಜಿ.ಗೆ 5 ಕಾಳು ಮೀರಬಾರದೆಂಬುದು ನಿಯಮ. ಆ ಮಿತಿಯೊಳಗೇ ಇದ್ದರೂ ಚೀಲವೊಂದರಿಂದ 125 ಕಾಳು ಹೊಲ ಸೇರಬಹುದು, ಹಾಗಿರುವಾಗ ಅದರ ಆರು ಪಟ್ಟು ಬಿದ್ದರೆ ಹೊಲದ ಗತಿ ಏನಾದೀತು! ನಾನು ಕೊಂಡ ಚೀಲಕ್ಕೆ ಇದ್ದದ್ದು ಪ್ರಮಾಣಿತ ಬೀಜದ ನೀಲಿ ಚೀಟಿಯಲ್ಲ, ಉತ್ಪಾದಕರೇ ತಮ್ಮ ಹೊಣೆಯಲ್ಲಿ ಹಚ್ಚುವ ಹಸಿರು ಚೀಟಿ. ಮಾರುವಾಗ ಈ ವ್ಯತ್ಯಾಸವನ್ನು ಅಂಗಡಿಯವರು ತಿಳಿಸಬೇಕಿತ್ತು.

ಉದುರಿದ ಕಾಳು ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿದ್ದು ಮೊಳೆಯುವುದರಿಂದ ಈ ನಷ್ಟ ಒಂದು ಹಂಗಾಮಿಗೆ ಮುಗಿಯುವುದಲ್ಲ. ಬೀಜದ ಮಟ್ಟಿಗೆ ಈ ಅಂಗಡಿಗೆ 5ಕ್ಕೆ 1 ಅಂಕ. ಗೊಬ್ಬರದ ಬಗ್ಗೆ ನನ್ನ ತಕರಾರಿಲ್ಲ. ಈ ವರ್ಷ ಹೊಲಕ್ಕೆ ನೀರು ಹಾಯಿಸಿ, ಬಿದ್ದ ಕಾಳು ಮೊಳೆತ ಮೇಲೆ ಎರಡು ಸಲ ಕುಂಟೆ ಹೊಡೆದು, ಹೊಲದಲ್ಲಿ ನೀರು ನಿಲ್ಲುವಂತೆ ಮಾಡಿ ಸಾಲು ನಾಟಿ ಮಾಡುವವನಿದ್ದೇನೆ. ನೀಲಿ ಚೀಟಿಯ ಬೀಜವನ್ನು ಬೇರೆ ಕಡೆಯಿಂದ ತಂದಿದ್ದೇನೆ. ಸಸಿಮಡಿಗೆ ಹಾಕುವ ಮೊದಲೇ ಒಂದು ಕೆ.ಜಿ. ಕುಟ್ಟಿ ನೋಡಿದೆ, ಕೆಂಪು ಕಾಳು ಒಂದೂ ಸಿಗಲಿಲ್ಲ.