ಬಾತ್ ಸಾಲ್ಟ್‌ಗೆ ಚಕ್ಕೆ ಎಣ್ಣೆ ಹಾಕುವ ಮುಂಚೆ ಇದನ್ನು ಓದಿ

ಮನೆಯಲ್ಲೇ ಬಾತ್ ಸಾಲ್ಟ್ (ಸ್ನಾನದ ನೀರಿಗೆ ಹಾಕುವ ಪರಿಮಳದ ಉಪ್ಪು), ಸೋಪು ಮಾಡಿ ಹೋಂಸ್ಟೇಗಳಿಗೆ ಕೊಡಬಹುದು ಅಂತ ಹೇಳಿಕೊಡುವ ತರಬೇತಿಗಳಿಗೆ ನಮ್ಮ ಸೋಮವಾರಪೇಟೆ, ಕುಶಾಲನಗರ ಕಡೆಯ ಹೆಂಗಸರು ಆಸೆಯಿಂದ ಹೋಗುತ್ತಾರೆ. ಹೋಗಿ, ಕಲಿಯಿರಿ. ಆದರೆ ಅಲ್ಲಿ ಚಕ್ಕೆ ಎಣ್ಣೆಯನ್ನೋ ಲವಂಗದ ಎಣ್ಣೆಯನ್ನೋ ಕೊಟ್ಟು "ಉಪ್ಪಿಗೆ ಬೆರೆಸಿ" ಅಂದರೆ ದಯವಿಟ್ಟು ಬೆರೆಸಬೇಡಿ. ನಮ್ಮ ಅತ್ತಿಗೆಯ ಬೆನ್ನು ಸುಟ್ಟಿದ್ದು ಇದರಿಂದಲೇ.

ಅವರಿಗೆ ಬರೆಸಿದ ಅಳತೆ ಇದು: ಕಾಲು ಕೆ.ಜಿ. ಎಪ್ಸಮ್ ಉಪ್ಪು, ಸ್ವಲ್ಪ ಅಡುಗೆ ಸೋಡಾ, ಚಕ್ಕೆ ಎಣ್ಣೆ 60 ಹನಿ. ಎಣ್ಣೆಯನ್ನೂ ಅಲ್ಲೇ ಮಾರಿದರು. ಬಾಟಲಿ ಮೇಲೆ 'ಶುದ್ಧ' ಅನ್ನುವ ಚೀಟಿ ಬಿಟ್ಟರೆ ಮಾಡಿದವರ ಹೆಸರಿಲ್ಲ, ವಿಳಾಸವಿಲ್ಲ, ಬ್ಯಾಚ್ ನಂಬರ್ ಇಲ್ಲ. "ಮೈ ಉರಿಯಲ್ವಾ ಮೇಡಂ?" ಅಂತ ಅತ್ತಿಗೆ ಕೇಳಿದ್ದಾರೆ. "ಇದೇನು ಕೆಮಿಕಲ್ಲಾ ಅಕ್ಕಾ? ನ್ಯಾಚುರಲ್. ಮಕ್ಕಳಿಗೂ ಹಾಕಬಹುದು" ಅಂದರಂತೆ. ಆ ಮಾತು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಹಂಡೆಯ ಬಿಸಿನೀರನ್ನು ಬಕೆಟ್ಟಿಗೆ ತೋಡಿಕೊಂಡು ಒಂದು ಹಿಡಿ ಉಪ್ಪು ಹಾಕಿದ್ದಾರೆ. ಉಪ್ಪು ಕರಗಿತು, ಬಚ್ಚಲೆಲ್ಲ ಘಮ್ಮೆಂದಿತು. ಮೊದಲ ಚೊಂಬುಗಳಲ್ಲಿ ಏನೂ ತೊಂದರೆಯಿಲ್ಲ. ಕೊನೆಗೆ ಎಲ್ಲರೂ ಮಾಡುವ ಹಾಗೆ ಬಕೆಟ್ ಎತ್ತಿ ಉಳಿದ ನೀರನ್ನು ಮೈಮೇಲೆ ಸುರಿದುಕೊಂಡರು. ಆಗಲೇ ಕೂಗಿಕೊಂಡಿದ್ದು. ಕತ್ತಿನಿಂದ ಸೊಂಟದವರೆಗೆ, ನೀರು ಇಳಿದ ದಾರಿಯಲ್ಲೇ ಕೆಂಪು ಬರೆಗಳು. ರಾತ್ರಿಯ ಹೊತ್ತಿಗೆ ಸಣ್ಣ ಗುಳ್ಳೆ ಎದ್ದವು.

ಬಕೆಟ್ ತಳ ನೋಡಿದೆ. ಹಳದಿ ಎಣ್ಣೆಯ ಸಣ್ಣ ಮಣಿಗಳು ಅಂಚಿಗೆ ಅಂಟಿಕೊಂಡಿದ್ದವು. ಉಪ್ಪು ನೀರಿನಲ್ಲಿ ಕರಗುತ್ತದೆ, ಎಣ್ಣೆ ಕರಗುವುದಿಲ್ಲ. ನಿಂಬೆ ಹುಲ್ಲಿನ ಎಣ್ಣೆ, ಕಿತ್ತಳೆ ಎಣ್ಣೆ ಮೇಲೆ ತೇಲುತ್ತವೆ. ಚಕ್ಕೆ, ಲವಂಗದ ಎಣ್ಣೆ ನೀರಿಗಿಂತ ಭಾರ. ತಳಕ್ಕೆ ಹೋಗಿ ಕೂರುತ್ತವೆ. ಅಂದರೆ ಕೊನೆಯ ನೀರಿನ ಜೊತೆ ಮೈಮೇಲೆ ಬಿದ್ದಿದ್ದು ಹೆಚ್ಚುಕಡಿಮೆ ಅಪ್ಪಟ ಎಣ್ಣೆ. ಹಾಲಿನ ಪುಡಿ ಹಾಕಿದರೆ ಬೆರೆಯುತ್ತದೆ ಅಂತಲೂ ಹೇಳಿಕೊಡುತ್ತಾರೆ, ನಂಬಬೇಡಿ. ಎಣ್ಣೆ ನೀರಿಗೆ ಸೇರಬೇಕಾದರೆ ಪಾಲಿಸಾರ್ಬೇಟ್ 20 ತರಹದ ವಸ್ತು ಸರಿಯಾದ ಅಳತೆಯಲ್ಲಿ ಬೇಕು.

ಅದು ಹಾಕಿದರೂ ಚಕ್ಕೆ ಎಣ್ಣೆ ಸ್ನಾನಕ್ಕೆ ಬೇಡ. ಚಕ್ಕೆ ತೊಗಟೆಯ ಎಣ್ಣೆಯಲ್ಲಿ ಮುಕ್ಕಾಲುಪಾಲು ಇರುವುದು ಸಿನ್ನಮಾಲ್ಡಿಹೈಡ್. ಚರ್ಮವನ್ನು ಕೆರಳಿಸುವುದೂ ಅದೇ, ಅಲರ್ಜಿ ಹಿಡಿಸುವುದೂ ಅದೇ. ಚರ್ಮಕ್ಕೆ ತಾಗುವ ವಸ್ತುಗಳಲ್ಲಿ ಈ ಎಣ್ಣೆ ಶೇ. 0.1ರಷ್ಟೂ ಇರಬಾರದು ಅನ್ನುತ್ತಾರೆ ತಿಳಿದವರು. ಒಂದು ಎಂ.ಎಲ್.ಗೆ ಸುಮಾರು 20 ಹನಿ. 60 ಹನಿಯೆಂದರೆ 3 ಎಂ.ಎಲ್., ಕಾಲು ಕೆ.ಜಿ.ಗೆ ಶೇ. 1ಕ್ಕಿಂತ ಜಾಸ್ತಿಯೇ ಆಯಿತು. ಚರ್ಮದ ಡಾಕ್ಟರು ಇನ್ನೊಂದು ವಿಷಯ ಹೇಳಿದರು: ಒಮ್ಮೆ ಅಲರ್ಜಿ ಹಿಡಿದರೆ ಮುಂದೆ ಚಕ್ಕೆ ಪರಿಮಳದ ಟೂತ್‌ಪೇಸ್ಟಿಗೂ ಬಾಯಿ ಹುಣ್ಣಾಗಬಹುದು. ಅತ್ತಿಗೆ ಈಗ ಪೇಸ್ಟ್ ಕೊಳ್ಳುವಾಗಲೂ ಹಿಂದಿನ ಸಣ್ಣ ಅಕ್ಷರ ಓದುತ್ತಾರೆ.

ಯಾರಿಗಾದರೂ ಹೀಗಾದರೆ ಬರೀ ನೀರು ಸುರಿಯುತ್ತಾ ನಿಲ್ಲಬೇಡಿ. ನೀರಿಗೆ ಎಣ್ಣೆ ಹೋಗುವುದಿಲ್ಲ. ಒಣ ಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೆದು, ಸೋಪು ಹಚ್ಚಿ ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಗುಳ್ಳೆ ಎದ್ದರೆ ಡಾಕ್ಟರ ಹತ್ತಿರ ಹೋಗಿ.

"ನಾಳೆಯಿಂದಲೇ ಮಾರಬಹುದು" ಅಂದಿದ್ದೂ ಸುಳ್ಳು. ಮೈಗೆ ಹಚ್ಚುವ ವಸ್ತು ತಯಾರಿಸಿ ಮಾರಲು ಲೈಸೆನ್ಸ್ ಬೇಕು, 2020ರ ಕಾಸ್ಮೆಟಿಕ್ಸ್ ನಿಯಮಗಳಲ್ಲೇ ಇದೆ. ಹೋಂಸ್ಟೇಗೆ ಬಂದವರ ಮೈ ಸುಟ್ಟರೆ ಹೊಣೆ ಹೊರಬೇಕಾದವರು ಮಾಡಿ ಕೊಟ್ಟ ಹೆಂಗಸರೇ ಅಲ್ವಾ? ತರಬೇತಿಯಲ್ಲಿ ಈ ಬಗ್ಗೆ ಒಂದು ಮಾತೂ ಇಲ್ಲ.

ಪರಿಮಳ ಬೇಕೇ ಬೇಕು ಅಂದರೆ ನಮ್ಮ ಕಡೆ ಕೊರತೆಯೇ? ಕೊಡಗಿನ ಕಿತ್ತಳೆಯ ಒಣಸಿಪ್ಪೆ, ಏಲಕ್ಕಿ ಸಿಪ್ಪೆ, ಲಾವಂಚದ ಬೇರು, ನಿಂಬೆ ಹುಲ್ಲು. ತೆಳು ಬಟ್ಟೆಯಲ್ಲಿ ಕಟ್ಟಿ ಬಿಸಿನೀರಿಗೆ ಹಾಕಿ. ಘಮ ಎಣ್ಣೆಯಷ್ಟು ಜೋರಾಗಿ ಬರುವುದಿಲ್ಲ, ನಿಜ. ನನಗಂತೂ ಅದೇ ಇಷ್ಟ.

ತರಬೇತಿ ಕೊಟ್ಟವರಿಗೆ ಅತ್ತಿಗೆಯ ಬೆನ್ನಿನ ಫೋಟೋ ಕಳಿಸಿದೆವು. "ನಿಮ್ಮದು ಸೆನ್ಸಿಟಿವ್ ಸ್ಕಿನ್" ಅಂತ ಒಂದೇ ಸಾಲಿನ ಉತ್ತರ ಬಂತು. ಅವತ್ತು ವಿರಾಜಪೇಟೆ, ಗೋಣಿಕೊಪ್ಪದಿಂದ ಬಂದವರೂ ಇದ್ದರಂತೆ. ನಿಮ್ಮ ಮನೆಯಲ್ಲಿ ಚಕ್ಕೆ ಘಮದ, ಹೆಸರು ವಿಳಾಸವಿಲ್ಲದ ಉಪ್ಪಿನ ಡಬ್ಬಿ ಇದ್ದರೆ ಇವತ್ತೇ ಬಚ್ಚಲಿನಿಂದ ತೆಗೆದಿಡಿ. ಯಾರಿಗಾದರೂ ಕೊಟ್ಟಿದ್ದರೆ ಫೋನ್ ಮಾಡಿ ಹೇಳಿ.