ಮೊದಲು ಕರ್ವಾಲೊನಾ, ಜುಗಾರಿ ಕ್ರಾಸಾ?

ಪಿಯುಸಿ ರಜೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಈ ಎರಡು ಕಾದಂಬರಿಗಳಲ್ಲಿ ಯಾವುದನ್ನು ಮೊದಲು ಓದೋಣ ಅಂತಿರುವವರಿಗೆ ನನ್ನ ಅಭಿಪ್ರಾಯ ಹೇಳ್ತೀನಿ. ಎರಡನ್ನೂ ಈಗಷ್ಟೇ ಓದಿ ಮುಗಿಸಿದ್ದೇನೆ.

ಜುಗಾರಿ ಕ್ರಾಸ್ (1994) ಓಡುವ ಕಥೆ. ಏಲಕ್ಕಿ ಮಾರಲು ಹೊರಟ ಸುರೇಶ, ಗೌರಿ ಒಂದೇ ದಿನದಲ್ಲಿ ಕಳ್ಳಸಾಗಣೆಯವರ ಜಾಲಕ್ಕೆ ಸಿಕ್ಕಿಕೊಳ್ಳುತ್ತಾರೆ. ಕೆಳಗಿಡಲು ಮನಸ್ಸೇ ಬರಲ್ಲ. ಪಾತ್ರಗಳು ಮಾತ್ರ ಅಷ್ಟಾಗಿ ನೆನಪಲ್ಲಿ ಉಳಿಯಲಿಲ್ಲ.

ಕರ್ವಾಲೊ (1980) ನಿಧಾನ. ಜೇನು, ಗದ್ದೆ, ಕಿವಿ ಅನ್ನೋ ನಾಯಿ ಅಂತ ಸುಮ್ನೆ ಹರಟೆ ಹೊಡೆದ ಹಾಗೆ ಸಾಗುತ್ತದೆ, ಹಾರುವ ಓತಿ ಹುಡುಕಲು ಎಲ್ಲರೂ ಕಾಡಿಗೆ ಹೊರಡುವಷ್ಟರಲ್ಲಿ ನಾವೂ ಅವರ ಜೊತೆಗೇ ಇರುತ್ತೇವೆ. ನನಗೆ ತುಂಬಾ ಹಿಡಿಸಿದ್ದು ಮಂದಣ್ಣ. ಊರವರ ಕಣ್ಣಿಗೆ ಅವನು ಕೆಲಸಕ್ಕೆ ಬಾರದವನು, ಆದರೆ ವಿಜ್ಞಾನಿ ಕರ್ವಾಲೊ ಅವನಲ್ಲಿ ಹುಟ್ಟು ಜೀವವಿಜ್ಞಾನಿಯನ್ನೇ ಕಾಣುತ್ತಾರೆ. ಮಾರ್ಕ್ಸ್ ನೋಡಿ ಅಳೆಸಿಕೊಳ್ಳುವ ನಮಗೆ ಇದು ಎಷ್ಟು ತಾಗುತ್ತೆ ಅಲ್ವಾ? ಬಿರಿಯಾನಿ ಕರಿಯಪ್ಪನ ಭಾಗ ಓದಿ ನಕ್ಕಿದ್ದೂ ನಕ್ಕಿದ್ದೇ.

ಕನ್ನಡ ಪುಸ್ತಕ ಓದಿ ಅಭ್ಯಾಸವೇ ಇಲ್ಲ, ಬೇಗ ಬೇಜಾರಾಗುತ್ತೆ ಅನ್ನುವವರು ಜುಗಾರಿ ಕ್ರಾಸ್ ತಗೊಳ್ಳಿ. ಹಕ್ಕಿ, ಹುಳ, ಕಾಡು ಇಷ್ಟಪಡುವವರು ನೇರವಾಗಿ ಕರ್ವಾಲೊಗೆ ಬನ್ನಿ. ದುಡ್ಡು ಒಂದಕ್ಕೇ ಇದ್ದರೆ ನಾನಂತೂ ಕರ್ವಾಲೊ ಅಂತೀನಿ, ಅದನ್ನು ಮತ್ತೆ ಮತ್ತೆ ಓದಬಹುದು.